ಕೆಳಗೆ ಎಲೆ ಅಲುಗದು, ಮೇಲೆ ಗಾಳಿ ನಿಲ್ಲದು: ಚಳಿಗಾಲದ ಬೆಳಗಿನಲ್ಲಿ ಡ್ರೋನ್

[ದೃಶ್ಯ: ಬಸವಕಲ್ಯಾಣ ತಾಲ್ಲೂಕಿನ ಒಂದು ಹೊಲ. ಬೆಳಗಿನ ಆರೂವರೆ. ಬಿಳಿಜೋಳದ ಗರಿಗಳ ಮೇಲೆ ಇಬ್ಬನಿ.]

ನಮಸ್ಕಾರ. ಒಂದು ಎಲೆಯೂ ಅಲುಗುತ್ತಿಲ್ಲ, ನೋಡಿ. ಡ್ರೋನ್ ಹಾರಿಸಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ ಎನಿಸುತ್ತದೆ. ಕಳೆದ ವರ್ಷ ಎಳ್ಳ ಅಮಾವಾಸ್ಯೆಯ ದಿನ ನನಗೂ ಹಾಗೆಯೇ ಅನಿಸಿತ್ತು. ಸೋದರಮಾವನ ಹೊಲದಲ್ಲಿ ಚರಗ ಚೆಲ್ಲುವುದನ್ನು ಮೇಲಿನಿಂದ ಚಿತ್ರೀಕರಿಸುವ ಮೊದಲು, ಮುಂಜಾವಿನ ಬೆಳಕಿನಲ್ಲಿ ಸುತ್ತಲಿನ ತೊಗರಿ ಹೊಲಗಳನ್ನು ತೆಗೆಯೋಣವೆಂದು ಡ್ರೋನನ್ನು ನೂರು ಮೀಟರ್ ಎತ್ತರಕ್ಕೆ ಏರಿಸಿ ಪಡುವಣಕ್ಕೆ ಕಳುಹಿಸಿದೆ. ನಾನೂರು ಮೀಟರ್ ಸಲೀಸಾಗಿ ಹೋಯಿತು. ಮರಳಿ ತಿರುಗಿಸಿದಾಗ ಪರದೆಯ ಮೇಲಿನ ವೇಗ ಸೆಕೆಂಡಿಗೆ ಎರಡೇ ಮೀಟರ್. ಶೇ 38 ಇದ್ದ ಬ್ಯಾಟರಿ ಅರ್ಧ ದಾರಿಗೆ ಬರುವಷ್ಟರಲ್ಲಿ ಶೇ 12ಕ್ಕೆ ಇಳಿದಿತ್ತು. ಡ್ರೋನ್ ತಾನಾಗಿಯೇ ತೊಗರಿ ಗಿಡಗಳ ನಡುವೆ ಇಳಿಯಿತು. ಎರಡು ರೆಕ್ಕೆ ಮುರಿದವು. ಅಲ್ಲಿ ಆಳುಗಳು ಕೊಯ್ಲು ಮಾಡುತ್ತಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಈ ವಿಡಿಯೋ ಮಾಡುತ್ತಿರುವುದೂ ಅದಕ್ಕಾಗಿಯೇ.

ಕೆಳಗೆ ಇಲ್ಲದ ಗಾಳಿ ಮೇಲೆ ಎಲ್ಲಿಂದ ಬಂತು? ಮೋಡವಿಲ್ಲದ ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ಹೊಲದ ಮೇಲೆ ಕಂಬಳಿಯಂತೆ ಹಾಸಿಕೊಳ್ಳುತ್ತದೆ. ಮೇಲಿನ ಗಾಳಿಗೆ ಆಗ ಗಿಡಮರಗಳ, ಮನೆಗಳ ತಡೆಯೇ ಇಲ್ಲ. ಆ ಕಂಬಳಿಯ ಮೇಲೆ ಜಾರುತ್ತಾ ವೇಗವಾಗಿ ಸಾಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಎರಡೂ ಬೆರೆಯುತ್ತವೆ. ಒಂಬತ್ತು, ಹತ್ತು ಗಂಟೆಗೆ ಇದ್ದಕ್ಕಿದ್ದಂತೆ ಗಾಳಿ ಎದ್ದಿತು ಎನ್ನುತ್ತೇವಲ್ಲ, ಅದು ಮೇಲಿದ್ದ ಗಾಳಿಯೇ ಕೆಳಗಿಳಿದದ್ದು.

[ದೃಶ್ಯ: ನೆಲದ ಮೇಲೆ ಕಡ್ಡಿಯಿಂದ ಬರೆದ ಲೆಕ್ಕ.]

ಆ ದಿನದ ಲೆಕ್ಕ ಹೀಗಿತ್ತು. ಸಾಮಾನ್ಯ ಮೋಡ್‌ನಲ್ಲಿ ನನ್ನ ಡ್ರೋನ್ ಗಾಳಿಯನ್ನು ಸೀಳಿಕೊಂಡು ಸೆಕೆಂಡಿಗೆ 10 ಮೀಟರ್ ಹೋಗಬಲ್ಲದು. ಎದುರಿನಿಂದ 8 ಮೀಟರ್ ವೇಗದ ಗಾಳಿ ಬೀಸಿದರೆ ಉಳಿಯುವುದು 2 ಮೀಟರ್. ಹೋಗುವಾಗ ಅದೇ ಗಾಳಿ ಹಿಂದಿನಿಂದ ತಳ್ಳಿದ್ದರಿಂದ 400 ಮೀಟರ್ ಬೇಗ ಮುಗಿಯಿತು. ಬರುವಾಗ 200 ಸೆಕೆಂಡು, ಅದೂ ಮೋಟಾರುಗಳ ಪೂರ್ತಿ ದುಡಿಮೆಯಲ್ಲಿ. ಆದ್ದರಿಂದ ಈಗ ನಾನು ಮೊದಲು ಗಾಳಿಗೆ ಎದುರಾಗಿಯೇ ಹೋಗುತ್ತೇನೆ. ಮರಳುವಾಗ ಅದೇ ಗಾಳಿ ಹಿಂದಿನಿಂದ ತಳ್ಳಿಕೊಂಡು ಬರುತ್ತದೆ.

ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು? ಮರ, ವಿದ್ಯುತ್ ತಂತಿಗಳನ್ನು ನೋಡಿಕೊಂಡು ಕೆಳಗಿಳಿಸಿ. ಮೂವತ್ತು, ನಲವತ್ತು ಮೀಟರಿನಲ್ಲಿ ಗಾಳಿ ಬಹಳ ಸಲ ಕಡಿಮೆ ಇರುತ್ತದೆ. ಗಾಬರಿಯಲ್ಲಿ, ಡ್ರೋನನ್ನು ಹೊರಟ ಜಾಗಕ್ಕೆ ತಾನಾಗಿಯೇ ಮರಳಿಸುವ ‘ರಿಟರ್ನ್ ಟು ಹೋಮ್’ ಗುಂಡಿ ಒತ್ತಬೇಡಿ. ನೀವು ಮೊದಲೇ ನಿಗದಿ ಮಾಡಿದ ಎತ್ತರಕ್ಕಿಂತ ಕೆಳಗಿದ್ದರೆ ಡ್ರೋನ್ ಮೊದಲು ಅಲ್ಲಿಗೆ ಏರುತ್ತದೆ, ಜೋರು ಗಾಳಿ ಇರುವುದೂ ಅಲ್ಲಿಯೇ. ಸ್ಪೋರ್ಟ್ ಮೋಡ್ ಹೆಚ್ಚಿನ ವೇಗ ಕೊಡುತ್ತದೆ, ಆದರೆ ಆಗ ಅಡೆತಡೆ ಗುರುತಿಸುವ ಸೆನ್ಸರ್‌ಗಳು ಕೆಲಸ ಮಾಡುವುದಿಲ್ಲ. ನಿಮ್ಮ ಕಣ್ಣನ್ನೇ ನಂಬಬೇಕು.

ಇನ್ನು ಬ್ಯಾಟರಿ. ಡಿಸೆಂಬರ್, ಜನವರಿಯಲ್ಲಿ ಬೀದರ್‌ನಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವ ಬೆಳಗುಗಳಿವೆ. ರೆಕ್ಕೆಗಳ ಮೇಲೆ ಹಿಮ ಕಟ್ಟುವಷ್ಟು ಚಳಿ ನಮ್ಮಲ್ಲಿಲ್ಲ, ಬ್ಯಾಟರಿ ಸೊರಗಲು ಮಾತ್ರ ಇಷ್ಟು ಸಾಕು. ತಣ್ಣನೆಯ ಲಿಥಿಯಂ ಬ್ಯಾಟರಿಯೊಳಗೆ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಒಳಗಿನ ತಡೆ ಹೆಚ್ಚುತ್ತದೆ. ಸುಮ್ಮನೆ ನಿಂತಾಗ ಎಲ್ಲವೂ ಸರಿಯಾಗಿ ಕಾಣುತ್ತದೆ. ಎದುರು ಗಾಳಿಗೆ ಮೋಟಾರು ಹೆಚ್ಚು ವಿದ್ಯುತ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಗಾಳಿ, ಚಳಿ ಎರಡೂ ಮರಳುವ ದಾರಿಯಲ್ಲೇ ಒಟ್ಟಾಗಿ ಹಿಡಿಯುತ್ತವೆ. ನನ್ನ ಶೇ 38 ಕರಗಿದ್ದು ಹೀಗೆ.

[ದೃಶ್ಯ: ಸ್ವೆಟರಿನ ಒಳಜೇಬಿನಿಂದ ಬ್ಯಾಟರಿ ತೆಗೆಯುವ ಕೈ.]

ಈಗ ಬ್ಯಾಟರಿಗಳನ್ನು ಹಿಂದಿನ ರಾತ್ರಿ ಬೈಕಿನ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ. ಹೊಲಕ್ಕೆ ಬರುವಾಗ ಎದೆಗೆ ಒತ್ತಿದ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಹಾರಿಸುವ ಮುನ್ನ ಅಂಗೈಯಲ್ಲಿ ಹಿಡಿದರೆ ತಣ್ಣಗೆ ಕೊರೆಯಬಾರದು. ಆ್ಯಪ್‌ನಲ್ಲಿ ಕನಿಷ್ಠ 20 ಡಿಗ್ರಿ ತೋರಿಸಬೇಕು. ಬೆಂಕಿಗೆ ಮಾತ್ರ ಹಿಡಿಯಲೇಬೇಡಿ. ಮೇಲೇರಿಸಿದ ಮೇಲೆ ತಲೆಗಿಂತ ಸ್ವಲ್ಪ ಎತ್ತರದಲ್ಲಿ ಒಂದು ನಿಮಿಷ ನಿಲ್ಲಿಸಿ, ಬ್ಯಾಟರಿ ತಾನೇ ಬಿಸಿಯಾಗಲಿ. ಮೊದಲು ಶೇ 20ರವರೆಗೂ ಹಾರಿಸುತ್ತಿದ್ದೆ; ಚಳಿಯ ಬೆಳಗಿನಲ್ಲಿ ಶೇ 50ಕ್ಕೇ ಮರಳುತ್ತೇನೆ.

ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ತೆಗೆಯುವ ಆಸೆ ಎಲ್ಲರಿಗೂ ಇದೆ. ಬೆಟ್ಟಕ್ಕೆ ಬಡಿದ ಗಾಳಿ ಒಂದು ಮಗ್ಗುಲಲ್ಲಿ ಮೇಲೇರಿ, ಇನ್ನೊಂದು ಮಗ್ಗುಲಲ್ಲಿ ಸುರುಳಿಯಾಗಿ ಕೆಳಗೆ ಬೀಳುತ್ತದೆ. ಗಾಳಿಯ ಮರೆ ಎಂದು ಆ ಹಿಂಬದಿಗೆ ಹೋಗಬೇಡಿ, ದೂರದಿಂದಲೇ ತೆಗೆಯಿರಿ. ಹಲವು ಸಣ್ಣ ಡ್ರೋನ್‌ಗಳು ಸೆಕೆಂಡಿಗೆ 10.7 ಮೀಟರ್ ಗಾಳಿ ತಡೆಯುತ್ತವೆ ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ, ಅಂದರೆ ಗಂಟೆಗೆ ಸುಮಾರು 38.5 ಕಿಲೋಮೀಟರ್. ಅಷ್ಟರವರೆಗೆ ನಾನು ಕಾಯುವುದಿಲ್ಲ. ಬೇವಿನ ಸಣ್ಣ ಕೊಂಬೆಗಳು ತೂಗಿ, ದಾರಿಯ ಧೂಳು ಏಳತೊಡಗಿದರೆ ಡ್ರೋನ್ ಚೀಲದಲ್ಲೇ ಇರುತ್ತದೆ.

ಬೀದರ್ ನಗರದಲ್ಲಿ ವಾಯುಪಡೆಯ ನೆಲೆ ಇದೆ, ಕಲಬುರಗಿಯಲ್ಲಿ ವಿಮಾನ ನಿಲ್ದಾಣವಿದೆ. ಹೊರಡುವ ಮುನ್ನ, ಡ್ರೋನ್ ಎಲ್ಲಿ ಹಾರಿಸಬಹುದು ಎಂದು ಬಣ್ಣದ ವಲಯಗಳಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಕೆಂಪು ವಲಯದಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಹಸಿರು ವಲಯದಲ್ಲೂ ಹೆಚ್ಚೆಂದರೆ 400 ಅಡಿಯೇ ಮಿತಿ, ಅಂದರೆ ಸುಮಾರು 120 ಮೀಟರ್.

[ದೃಶ್ಯ: ಹೊಲದಿಂದ ಮನೆಗೆ. ಮಂಚದ ಮೇಲೆ ಮುಚ್ಚಿದ ಚೀಲ.]

ಮನೆಗೆ ಬಂದ ಕೂಡಲೇ ಚೀಲ ತೆರೆಯಬೇಡಿ. ತಣ್ಣಗಿರುವ ಡ್ರೋನಿಗೆ ಒಳಗಿನ ಬೆಚ್ಚನೆಯ ಗಾಳಿ ತಾಗಿದರೆ ಮಸೂರದ ಮೇಲೆ, ಸರ್ಕ್ಯೂಟಿನ ಮೇಲೆ ನೀರ ಹನಿ ಕೂಡುತ್ತದೆ. ಒಂದು ಗಂಟೆ ಹಾಗೆಯೇ ಬಿಡಿ. ಅಷ್ಟರಲ್ಲಿ ಭಜ್ಜಿ, ಸಜ್ಜೆ ರೊಟ್ಟಿಯ ಊಟ ಮುಗಿದಿರುತ್ತದೆ.