ನೆಗೆಟಿವ್ ಟ್ರಂಕು ಮತ್ತು ಅದಕ್ಕೊಪ್ಪುವ ಸ್ಕ್ಯಾನರ್

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿರುವ ಹಳೆಯ ನೆಗೆಟಿವ್‌ಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು, ಯಾವ ಸ್ಕ್ಯಾನರ್ ತೆಗೆದುಕೊಳ್ಳಲಿ ಎಂದು ಈಚೆಗೆ ಅನೇಕರು ಕೇಳುತ್ತಾರೆ. ಅವರನ್ನು ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಟ್ರಂಕಿನಲ್ಲಿ ಏನೇನಿದೆ, ನೋಡಿದ್ದೀರಾ? ಬಹಳ ಜನ ನೋಡಿರುವುದಿಲ್ಲ. ಕಂಪನಿ ಯಾವುದು, ಬೆಲೆ ಎಷ್ಟು ಎಂದೆಲ್ಲ ವಿಚಾರಿಸಿರುತ್ತಾರೆ. ಟ್ರಂಕು ಮಾತ್ರ ಇನ್ನೂ ಅಟ್ಟದಿಂದ ಇಳಿದಿರುವುದಿಲ್ಲ. ಆದರೆ ಯಾವ ಯಂತ್ರ ಬೇಕು ಎಂದು ತೀರ್ಮಾನಿಸುವುದು ಆ ಟ್ರಂಕೇ.

ನಮ್ಮ ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ಅದನ್ನು ಬಿಚ್ಚಿದರೆ ಹೆಚ್ಚಾಗಿ ಸಿಗುವುದು 35 ಮಿಲಿಮೀಟರ್ ನೆಗೆಟಿವ್. ಕಿತ್ತಳೆ ಛಾಯೆಯ ಪಟ್ಟಿಗಳು, ಎಂಬತ್ತು ತೊಂಬತ್ತರ ದಶಕದವು. ದ್ರೋಣ ಅಂಬಾರಿ ಹೊತ್ತ ಕಾಲದ ಜಂಬೂ ಸವಾರಿ, ಕನ್ನಂಬಾಡಿಯ ಕಾರಂಜಿ ಮುಂದೆ ನಿಂತ ಹೊಸ ಮದುಮಕ್ಕಳು, 2012ರಲ್ಲಿ ಒಂದು ಭಾಗ ಕುಸಿದುಬಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಕೆಳಗಿನ ಅಂಗಡಿ ಸಾಲು, ಎಲ್ಲವೂ ಅಲ್ಲಿರುತ್ತವೆ. ಪ್ರತಿ ಚಿತ್ರದ ಅಳತೆ 24 ಮಿಲಿಮೀಟರ್‌ಗೆ 36. ಅದಕ್ಕೂ ಹಿಂದಿನವು ಕಪ್ಪು-ಬಿಳುಪಿನವು. ಕೆಲವು ನಮ್ಮ ಪಕ್ಕದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮಿನವೂ ಇರಬಹುದು. ಮನೆಯಲ್ಲಿ ಅಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಇದ್ದಿದ್ದರೆ ನೆಗೆಟಿವ್ ದೊಡ್ಡದು, ಆರು ಸೆಂಟಿಮೀಟರ್ ಚೌಕ, ರೋಲಿಗೆ ಹನ್ನೆರಡೇ ಚಿತ್ರ. ಅದು 120 ಫಿಲ್ಮು. ಇವುಗಳ ಜೊತೆಗೆ ರಟ್ಟಿನ ಇಲ್ಲವೇ ಪ್ಲಾಸ್ಟಿಕ್ ಚೌಕಟ್ಟಿನ ಸ್ಲೈಡುಗಳೂ, ಅಂದರೆ ಬಣ್ಣ ತಿರುವುಮುರುವಾಗದೆ ನೇರವಾಗಿ ಕಾಣುವ ಫಿಲ್ಮಿನ ತುಣುಕುಗಳೂ, ಸಿಕ್ಕರೆ ನೀವು ಪುಣ್ಯವಂತರು.

ಈ ಅಳತೆಯ ಮಾತು ಮುಖ್ಯ. ಫಿಲ್ಮಿಗೆಂದೇ ಮಾಡಿದ ಸ್ಕ್ಯಾನರ್‌ಗಳಲ್ಲಿ ಬಹುಪಾಲು 35 ಮಿಲಿಮೀಟರನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತವೆ. 120 ಫಿಲ್ಮನ್ನೂ ತೆಗೆದುಕೊಳ್ಳುವ ನಿಕಾನ್ ಕೂಲ್‌ಸ್ಕ್ಯಾನ್ 9000, ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್ 120 ಮುಂತಾದವು ಇವೆ, ಆದರೆ ಬೆಲೆ ಮನೆಮಂದಿಯ ಕೈಗೆ ಎಟುಕುವುದಿಲ್ಲ. ದೊಡ್ಡ ನೆಗೆಟಿವ್‌ಗೆ ಎಪ್ಸನ್ ವಿ600, ವಿ850 ಥರದ ಚಪ್ಪಟೆ ಸ್ಕ್ಯಾನರ್ ಸಾಕು. ನೆಗೆಟಿವ್ವೇ ದೊಡ್ಡದಿರುವುದರಿಂದ ಅದನ್ನು ಬಹಳ ಹಿಗ್ಗಿಸುವ ಅಗತ್ಯ ಬೀಳುವುದಿಲ್ಲ. ಅದೇ ಚಪ್ಪಟೆ ಸ್ಕ್ಯಾನರಿನ ಗಾಜಿನ ಮೇಲೆ 35 ಮಿಲಿಮೀಟರ್ ಪಟ್ಟಿ ಇಟ್ಟರೆ ಮುಖ ಗುರುತು ಸಿಗುತ್ತದೆ, ಸೀರೆಯ ಅಂಚಿನ ಕುಸುರಿ ಕಾಣಿಸುವುದಿಲ್ಲ. ಟ್ರಂಕಿನಲ್ಲಿ 35 ಮಿಲಿಮೀಟರೇ ಹೆಚ್ಚಿದ್ದರೆ ಅದಕ್ಕೆಂದೇ ಮಾಡಿದ ಯಂತ್ರ ತೆಗೆದುಕೊಳ್ಳಿ. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ.

ಇನ್ನು ಡಿಪಿಐ. ಅಂದರೆ ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಲೆಕ್ಕ. ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದು ಇದೇ. ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್ 8200ಐ ಎಂಬ 35 ಮಿಲಿಮೀಟರ್ ಯಂತ್ರ ತನ್ನದು 7200 ಎನ್ನುತ್ತದೆ, ಎಪ್ಸನ್ ವಿ600 ತನ್ನದು 6400 ಎನ್ನುತ್ತದೆ. ಪರೀಕ್ಷಾ ಗೆರೆಗಳ ಫಲಕ ಇಟ್ಟು ಅಳೆದರೆ ಮೊದಲನೆಯದರಲ್ಲಿ ನಿಜವಾಗಿ ಸಿಗುವುದು ಹೇಳಿದ್ದರ ಅರ್ಧದಷ್ಟು, ಎರಡನೆಯದರಲ್ಲಿ ಸುಮಾರು ಕಾಲು ಭಾಗ. ಹಾಲಿಗೆ ನೀರು ಬೆರೆಸಿದರೆ ಲೀಟರು ಹೆಚ್ಚುತ್ತದೆ, ಕೆನೆ ಹೆಚ್ಚುವುದಿಲ್ಲ. 7200ರಲ್ಲಿ ಸ್ಕ್ಯಾನ್ ಮಾಡಿದ ಒಂದೊಂದು ಬಣ್ಣದ ಚಿತ್ರ, ವಿವರ ಕಳೆಯದೆ ಉಳಿಸುವ 16 ಬಿಟ್ ಟಿಫ್ ಫೈಲಾಗಿ, 400 ಮೆಗಾಬೈಟ್ ದಾಟುತ್ತದೆ. ಹಾರ್ಡ್ ಡಿಸ್ಕ್ ತುಂಬುತ್ತದೆ, ಚಿತ್ರದೊಳಗೆ ಹೊಸದೇನೂ ಸೇರಿರುವುದಿಲ್ಲ. ನಿಜವಾದ 4000 ಸಿಕ್ಕರೆ ಎರಡು ಕೋಟಿಗೂ ಮಿಕ್ಕಿ ಚುಕ್ಕೆಗಳಾದವು. 12 ಇಂಟು 18 ಅಂಗುಲದ ಪ್ರಿಂಟ್ ಹಾಕಿಸಿ ನಡುಮನೆಯಲ್ಲಿ ತೂಗುಹಾಕಲು ಅಷ್ಟು ಧಾರಾಳ.

ಡಿಪಿಐ ಬಗ್ಗೆ ಕೇಳುವವರು ಸಾಂದ್ರತೆಯ ಬಗ್ಗೆ ಕೇಳುವುದೇ ಇಲ್ಲ. ಡಿ-ಮ್ಯಾಕ್ಸ್ ಎಂದು ಬರೆದಿರುತ್ತಾರೆ, 3.6, 4.0 ಹೀಗೆ. ಫಿಲ್ಮಿನ ಎಷ್ಟು ಗಾಢವಾದ ಕಪ್ಪಿನೊಳಗಿನಿಂದ ಯಂತ್ರ ವಿವರವನ್ನು ಎತ್ತಿ ತರಬಲ್ಲದು ಎಂಬುದರ ಅಳತೆ ಅದು. 3 ಎಂದರೆ ಸಾವಿರದಲ್ಲಿ ಒಂದು ಪಾಲು ಬೆಳಕು ಮಾತ್ರ ಹಾದುಬರುವಷ್ಟು ಕಪ್ಪು, 4 ಎಂದರೆ ಹತ್ತು ಸಾವಿರದಲ್ಲಿ ಒಂದು ಪಾಲು. ನೆಗೆಟಿವ್ ಅಷ್ಟು ಗಾಢವಾಗುವುದಿಲ್ಲ, ಹಾಗಾಗಿ ಅದಕ್ಕೆ ಸಾಧಾರಣ ಯಂತ್ರವೂ ನಡೆಯುತ್ತದೆ. ಸ್ಲೈಡು ಹಾಗಲ್ಲ, ಅದರ ನೆರಳು ಬಹಳ ಗಾಢ. ದೀಪಾಲಂಕಾರದ ಅರಮನೆಯನ್ನು ಸ್ಲೈಡಿನಲ್ಲಿ ತೆಗೆದಿದ್ದರೆ, ಕಡಿಮೆ ದರ್ಜೆಯ ಸ್ಕ್ಯಾನರ್ ದೀಪಗಳನ್ನು ತೋರಿಸುತ್ತದೆ, ಮೈದಾನದಲ್ಲಿ ನೆರೆದ ಜನರನ್ನು ಕಪ್ಪು ಮಸಿಯಲ್ಲಿ ಮುಳುಗಿಸುತ್ತದೆ. ಸ್ಲೈಡುಗಳೇ ಹೆಚ್ಚಿದ್ದರೆ ಈ ಅಂಕಿಗೆ ಹಣ ಕೊಡಿ. ಈ ಅಂಕಿಯಲ್ಲೂ ಕಂಪನಿಗಳು ಉದಾರವಾಗಿಯೇ ಬರೆದುಕೊಳ್ಳುತ್ತವೆ. ಆದ್ದರಿಂದ ನಿಮ್ಮದೇ ಒಂದು ಗಾಢ ಸ್ಲೈಡನ್ನು ಕಣ್ಣೆದುರಿಗೆ ಸ್ಕ್ಯಾನ್ ಮಾಡಿಸಿ ನೋಡುವುದು ಉತ್ತಮ.

ಆದರೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ಗುಣ ಇನ್ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಒಂದು ಬಗೆಯ ಕಿರಣ. ಮೂವತ್ತು ನಲವತ್ತು ವರ್ಷ ಲಕೋಟೆಯಲ್ಲಿದ್ದ ನೆಗೆಟಿವ್ ಮೇಲೆ ಧೂಳು, ಗೀರು, ಬೆರಳಚ್ಚು ಇಲ್ಲದಿರುವುದು ಸಾಧ್ಯವೇ ಇಲ್ಲ. ಕಣ್ಣಿಗೆ ಕಾಣದ ಗೀರು ಸ್ಕ್ಯಾನ್ ಮಾಡಿದ ಮೇಲೆ ಅಜ್ಜಿಯ ಕೆನ್ನೆಯ ಮೇಲೆ ಉದ್ದಕ್ಕೆ ಎಳೆದುಕೊಂಡಿರುತ್ತದೆ. ಇನ್ಫ್ರಾರೆಡ್ ಇರುವ ಸ್ಕ್ಯಾನರ್ ಪ್ರತಿ ಚಿತ್ರವನ್ನು ಆ ಕಿರಣದಲ್ಲಿಯೂ ಒಮ್ಮೆ ಓದುತ್ತದೆ. ಬಣ್ಣದ ಫಿಲ್ಮಿನ ವರ್ಣದ್ರವ್ಯಕ್ಕೆ ಆ ಕಿರಣ ಪಾರದರ್ಶಕ, ಧೂಳಿಗೆ, ಗೀರಿಗೆ ಅಲ್ಲ. ಹೀಗೆ ಕೊಳೆಯದ್ದೇ ಒಂದು ನಕ್ಷೆ ಸಿಗುತ್ತದೆ. ಆ ಜಾಗಗಳನ್ನಷ್ಟೇ ಸಾಫ್ಟ್‌ವೇರ್ ಸುತ್ತಲಿನ ಬಣ್ಣದಿಂದ ತುಂಬುತ್ತದೆ. ಡಿಜಿಟಲ್ ಐಸ್ ಎಂಬ ಹೆಸರು ಕೇಳಿದ್ದರೆ, ಅದು ಇದೇ. ಒಂದು ಚಿತ್ರವನ್ನು ಕೈಯಿಂದ ತಿದ್ದಲು ಅರ್ಧ ಗಂಟೆ ಹಿಡಿಯುವ ಕಡೆ ಯಂತ್ರ ನಿಮಿಷಗಳಲ್ಲಿ ಮುಗಿಸುತ್ತದೆ. ಪ್ಲಸ್‌ಟೆಕ್‌ನಲ್ಲಿ 8100 ಎಂಬ ಮಾದರಿಗೆ ಇದು ಇಲ್ಲ, 8200ಐಗೆ ಇದೆ. ಕೊನೆಯ ಆ ಒಂದು ‘ಐ’ ಅಕ್ಷರಕ್ಕೆ ಹೆಚ್ಚು ಹಣ ಕೊಡುವುದು ಖಂಡಿತ ದಂಡವಲ್ಲ.

ಕಪ್ಪು-ಬಿಳುಪಿಗೆ ಮಾತ್ರ ಇದನ್ನು ಬಳಸಬೇಡಿ. ಹೆಸರಾಂತ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಹುಟ್ಟಿದ ಮೈಸೂರಿನವರು ನಾವು, ಕಪ್ಪು-ಬಿಳುಪಿನ ಬೆಲೆ ನಮಗೆ ಗೊತ್ತು. ಆ ಫಿಲ್ಮಿನ ಚಿತ್ರವಿರುವುದು ಬೆಳ್ಳಿಯ ಕಣಗಳಲ್ಲಿ. ಬೆಳ್ಳಿ ಇನ್ಫ್ರಾರೆಡ್ ಕಿರಣವನ್ನು ತಡೆಯುತ್ತದೆ. ಯಂತ್ರ ಚಿತ್ರವನ್ನೇ ಕೊಳೆಯೆಂದು ತಿಳಿದು ಅಳಿಸತೊಡಗುತ್ತದೆ. ಕೋಡಕ್‌ನ ಕೋಡಕ್ರೋಮ್ ಸ್ಲೈಡುಗಳಲ್ಲೂ ಇದು ಎಡವಟ್ಟು ಮಾಡುವುದುಂಟು. ಟ್ರಂಕಿನ ತುಂಬ 35 ಮಿಲಿಮೀಟರಿನ ಕಪ್ಪು-ಬಿಳುಪೇ ಇದ್ದರೆ 8100 ತೆಗೆದುಕೊಂಡು ಹಣ ಉಳಿಸಿ, ಧೂಳನ್ನು ತಾಳ್ಮೆಯಿಂದ ಕೈಯಲ್ಲೇ ತೆಗೆಯಿರಿ.

ಹಳೆಯ ಯಂತ್ರಗಳ ವಿಚಾರ. ನಿಕಾನ್ ಕೂಲ್‌ಸ್ಕ್ಯಾನ್ 5 ಮತ್ತು 5000, ಮಿನೋಲ್ಟಾ ಸ್ಕ್ಯಾನ್ ಎಲೀಟ್ 5400 ಇಂದಿಗೂ ಹೆಸರುವಾಸಿ. ತಾವಾಗಿಯೇ ಫೋಕಸ್ ಮಾಡಿಕೊಳ್ಳುತ್ತವೆ. ಪ್ಲಸ್‌ಟೆಕ್‌ಗೆ ಆ ಗುಣವಿಲ್ಲ, ಅದರ ಫೋಕಸ್ ಒಂದೇ ಕಡೆ ನಿಂತಿರುತ್ತದೆ. ಕೊನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮೆರಾ ವ್ಯವಹಾರದಿಂದಲೇ ಹೊರಬಂತು, ನಿಕಾನ್ ಕೂಡ ಕೂಲ್‌ಸ್ಕ್ಯಾನ್ ಮಾಡುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಸೆಕೆಂಡ್ ಹ್ಯಾಂಡ್ ಸಿಕ್ಕರೆ, ಒಳಗಿನ ಕನ್ನಡಿಗೆ ಧೂಳು ಕೂತಿದೆಯೇ ನೋಡಿ. ಕೂತಿದ್ದರೆ ಬಿಳಿ ಅಂಚಿನ ಸುತ್ತ ಮಂಜು ಕವಿದಂತೆ ಬರುತ್ತದೆ. ಕಂಪನಿಯ ಸಾಫ್ಟ್‌ವೇರ್ ಹೊಸ ವಿಂಡೋಸ್‌ಗೆ ಒಗ್ಗುವುದಿಲ್ಲ, ಸ್ಕ್ಯಾನರ್ ನಡೆಸುವ ಬೇರೆ ಸಾಫ್ಟ್‌ವೇರ್, ವ್ಯೂಸ್ಕ್ಯಾನ್ ಅಥವಾ ಸಿಲ್ವರ್‌ಫಾಸ್ಟ್ ಕೊಳ್ಳಬೇಕಾಗುತ್ತದೆ. ಕೆಟ್ಟರೆ ರಿಪೇರಿ ಮಾಡುವವರು ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ. ಯಂತ್ರದ ಜೊತೆ ಒದ್ದಾಡುವ ಹುಮ್ಮಸ್ಸಿರುವವರಿಗೆ ಇವು ಸರಿ, ಉಳಿದವರಿಗೆ ಹೊಸದೇ ವಾಸಿ. ಅಂಗೈಯಗಲದ ಡಬ್ಬಿ, ಗುಂಡಿ ಒತ್ತಿದರೆ ಎರಡೇ ಸೆಕೆಂಡಿನಲ್ಲಿ ಫೋಟೋ ಎನ್ನುವ ಅಗ್ಗದ ಸಾಧನಗಳೂ ಬರುತ್ತವೆ. ಒಳಗಿರುವುದು ಚಿಕ್ಕ ಕ್ಯಾಮೆರಾ ಅಷ್ಟೇ. ನೆರಳು, ಬೆಳಕು ಎರಡನ್ನೂ ಕಳೆಯುತ್ತವೆ. ಅವು ಬೇಡ.

ಒಳ್ಳೆಯ ಸ್ಕ್ಯಾನರಿಗೆ ಸಮಯ ಬೇಕು. ಇನ್ಫ್ರಾರೆಡ್ ಹಾಕಿದರೆ ಚಿತ್ರಕ್ಕೆ ಮೂರು ನಾಲ್ಕು ನಿಮಿಷ, 36 ಚಿತ್ರಗಳ ರೋಲಿಗೆ ಎರಡು ಗಂಟೆ. ಪ್ಲಸ್‌ಟೆಕ್‌ನ ಹೋಲ್ಡರಿನಲ್ಲಿ ಆರು ಚಿತ್ರದ ಒಂದು ಪಟ್ಟಿ ಅಥವಾ ನಾಲ್ಕು ಸ್ಲೈಡ್ ಹಿಡಿಸುತ್ತವೆ, ಒಂದೊಂದನ್ನೂ ಕೈಯಿಂದಲೇ ಮುಂದಕ್ಕೆ ತಳ್ಳಬೇಕು. ಹಾಗಾಗಿ ಇಡೀ ಟ್ರಂಕಿಗೆ ತಿಂಗಳುಗಳೇ ಬೇಕು. ಅಣ್ಣತಮ್ಮಂದಿರು, ಅಕ್ಕತಂಗಿಯರು ಸೇರಿ ಒಂದು ಯಂತ್ರ ಕೊಂಡು ಮನೆಯಿಂದ ಮನೆಗೆ ಕೊಟ್ಟುಕೊಳ್ಳುವುದು ನನಗೆ ಬಹಳ ಹಿಡಿಸಿದ ದಾರಿ. ನಿಮ್ಮಲ್ಲಿರುವುದು ಐವತ್ತು ನೂರು ಚಿತ್ರ ಮಾತ್ರ ಎಂದಾದರೆ ಕೊಳ್ಳುವುದೇ ಬೇಡ. ಸ್ಕ್ಯಾನ್ ಮಾಡಿಕೊಡುವ ಲ್ಯಾಬಿಗೆ ಕೊಡಿ, ಆದರೆ ಸಣ್ಣ ಜೆಪೆಗ್ ಒಪ್ಪಿಕೊಳ್ಳಬೇಡಿ, 16 ಬಿಟ್ ಟಿಫ್ ಬೇಕೆಂದು ಕೇಳಿ.

ಯಂತ್ರ ಬಂದ ದಿನವೇ ಕೂತುಬಿಡಬೇಡಿ. ಹತ್ತಿ ಕೈಗವಸು ಹಾಕಿ, ಪಟ್ಟಿಯ ಅಂಚನ್ನಷ್ಟೇ ಹಿಡಿಯಿರಿ. ಗಾಳಿ ಊದುವ ರಬ್ಬರ್ ಬಲ್ಬಿನಿಂದ ಧೂಳು ಹಾರಿಸಿ. ಸೆರಗಿನಿಂದ, ಪಂಚೆಯಿಂದ ಒರೆಸುವುದು ಖಂಡಿತ ಬೇಡ. ನಾಲೆ ಬಯಲಿನ ತಂಪು ಗೋಡೆಯ ಮನೆಗಳಲ್ಲಿ ಬೂಷ್ಟು ಹಿಡಿದಿರಬಹುದು. ಅದಕ್ಕೆ ನೀರು ಮುಟ್ಟಿಸಬೇಡಿ. ಚಿತ್ರವನ್ನು ಹಿಡಿದಿಟ್ಟಿರುವ ಜೆಲಟಿನ್ ಪದರವನ್ನು ಬೂಷ್ಟು ತಿಂದಿದ್ದರೆ ಅದು ನೀರಿಗೆ ಕರಗಿ ಚಿತ್ರವೇ ಹೋದೀತು.

ಟ್ರಂಕು ತೆರೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಎಂಬ ಪ್ಲಾಸ್ಟಿಕ್ ತಳವೇ ಕೊಳೆಯತೊಡಗಿದೆ ಎಂದರ್ಥ. ಆ ಆವಿ ಪಕ್ಕದವನ್ನೂ ಕೆಡಿಸುತ್ತದೆ. ಅಂಥ ಪಟ್ಟಿಗಳನ್ನು ಬೇರೆ ಮಾಡಿ, ಅವನ್ನೇ ಮೊದಲು ಸ್ಕ್ಯಾನ್ ಮಾಡಿ. ಆಮೇಲೆ ಬಣ್ಣದವು, ಏಕೆಂದರೆ ವರ್ಣದ್ರವ್ಯ ವರ್ಷದಿಂದ ವರ್ಷಕ್ಕೆ ಮಾಸುತ್ತದೆ. ಚೆನ್ನಾಗಿ ತೊಳೆದ ಕಪ್ಪು-ಬಿಳುಪು ಇನ್ನೂ ಕಾಯುತ್ತದೆ. ಫೈಲಿನ ಹೆಸರಿನಲ್ಲಿ ವರ್ಷ, ಊರು ಇರಲಿ. ಸ್ಕ್ಯಾನ್ ಮಾಡುವಾಗ ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿಂದಿನ ಸಾಲಿನಲ್ಲಿ ನಿಂತವರು ಯಾರು ಎಂದು ಕೇಳಿ ಆಗಲೇ ಬರೆದಿಡಿ. ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಪ್ರತಿ ಇಟ್ಟು, ಒಂದನ್ನು ಬೇರೆ ಮನೆಯಲ್ಲಿರಿಸಿ. ಕೆಲಸ ಮುಗಿಯಿತೆಂದು ನೆಗೆಟಿವ್‌ಗಳನ್ನು ಎಸೆಯಬೇಡಿ. ಆಮ್ಲರಹಿತ ಕಾಗದದ ಲಕೋಟೆಗೆ ಹಾಕಿ, ಅಟ್ಟದ ಬಿಸಿಲಿಗೂ ನೆಲದ ತೇವಕ್ಕೂ ಸಿಗದಂತೆ ಬೀರುವಿನ ನಡುವಿನ ಹಲಗೆಯ ಮೇಲಿಡಿ.

ನಮಸ್ಕಾರ.