16 ಪೆನ್ಸೋ, 18 ಪೆನ್ಸೋ: ರೂಪಾಯಿ ಮತ್ತು ಪೌಂಡಿನ ವಿನಿಮಯದ ಇತಿಹಾಸ

ಮುಂಬಯಿಯ ಕನ್ನಡ ಕೇಳುಗರಿಗೆ ನಮಸ್ಕಾರ. ಒಂದು ರೂಪಾಯಿಯ ಬೆಲೆ 16 ಪೆನ್ಸ್ ಆಗಿರಬೇಕೋ 18 ಪೆನ್ಸ್ ಆಗಿರಬೇಕೋ ಎಂಬ ಪ್ರಶ್ನೆಯನ್ನು ಹಿಡಿದು, ಸುಮಾರು ನೂರು ವರ್ಷಗಳ ಹಿಂದೆ ಈ ನಗರದ ಗಿರಣಿ ಮಾಲೀಕರೂ ವರ್ತಕರೂ ಬ್ರಿಟಿಷ್ ಸರ್ಕಾರದೊಡನೆ ಬಿರುಸಿನ ವಾದಕ್ಕೆ ಇಳಿದಿದ್ದರು. ಆಗ 240 ಪೆನ್ಸ್ ಸೇರಿದರೆ ಒಂದು ಬ್ರಿಟಿಷ್ ಪೌಂಡು. ಎರಡು ಪೆನ್ಸ್‌ಗಾಗಿ ಅಷ್ಟು ದೊಡ್ಡ ವಾದವೇಕೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1835ರ ಕಾಯಿದೆಯ ಪ್ರಕಾರ ರೂಪಾಯಿ 180 ಗ್ರೇನ್ (ಸುಮಾರು 11.7 ಗ್ರಾಂ) ತೂಕದ, ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿಯ ನಾಣ್ಯ. ಪೌಂಡು ಚಿನ್ನದ್ದು. ಈ ಎರಡು ಲೋಹಗಳ ನಡುವಣ ಬೆಲೆ ಸ್ಥಿರವಾಗಿದ್ದಷ್ಟು ಕಾಲ ಒಂದು ಪೌಂಡಿಗೆ ಹತ್ತು ರೂಪಾಯಿಯ ಆಸುಪಾಸಿನಲ್ಲಿ ವಹಿವಾಟು ನಡೆಯಿತು. 1871ರ ನಂತರ ಜರ್ಮನಿ ಚಿನ್ನದ ನಾಣ್ಯಪದ್ಧತಿಗೆ ಹೊರಳಿ ತನ್ನ ಬೆಳ್ಳಿಯನ್ನು ಮಾರತೊಡಗಿತು. ಅಮೆರಿಕದ ಹೊಸ ಗಣಿಗಳಿಂದಲೂ ಬೆಳ್ಳಿ ಹರಿದುಬಂತು. ಮುಂಬಯಿಯ ಕೋಟೆ ಪ್ರದೇಶದ ಟಂಕಸಾಲೆಗೆ ಯಾರು ಬೇಕಾದರೂ ಬೆಳ್ಳಿ ತಂದು, ಅಲ್ಪ ಶುಲ್ಕ ಕೊಟ್ಟು, ರೂಪಾಯಿ ಅಚ್ಚು ಹಾಕಿಸಿಕೊಳ್ಳಬಹುದಾಗಿದ್ದುದರಿಂದ, ಬೆಳ್ಳಿಯ ಬೆಲೆ ಇಳಿದಂತೆಲ್ಲ ರೂಪಾಯಿಯ ಬೆಲೆಯೂ ಇಳಿಯಿತು. 1892ರ ಹೊತ್ತಿಗೆ ಅದು ಸುಮಾರು 15 ಪೆನ್ಸ್‌ಗೆ ಬಂದಿತ್ತು.

ಇದರಿಂದ ಸರ್ಕಾರ ಕಂಗಾಲಾಯಿತು. ರೈಲ್ವೆ ಬಂಡವಾಳದ ಬಡ್ಡಿ, ನಿವೃತ್ತ ಅಧಿಕಾರಿಗಳ ಪಿಂಚಣಿ, ಸೇನೆಯ ಖರ್ಚು ಮುಂತಾದವನ್ನು ಭಾರತ ಪ್ರತಿವರ್ಷ ಲಂಡನ್ನಿನಲ್ಲಿ ಪೌಂಡುಗಳಲ್ಲಿ ತೆರಬೇಕಾಗಿತ್ತು. ರೂಪಾಯಿ ಇಳಿದರೆ ಅಷ್ಟೇ ಪೌಂಡುಗಳಿಗಾಗಿ ಇಲ್ಲಿನ ರೈತರಿಂದ ಹೆಚ್ಚು ರೂಪಾಯಿ ಎತ್ತಬೇಕು. 1893ರ ಜೂನ್‌ನಲ್ಲಿ ಖಾಸಗಿಯವರ ಬೆಳ್ಳಿಗೆ ಟಂಕಸಾಲೆಯ ಬಾಗಿಲು ಮುಚ್ಚಲಾಯಿತು. ನಾಣ್ಯಗಳ ಪೂರೈಕೆ ಬಿಗಿಯಾಗಿ, ಕೆಲವೇ ವರ್ಷಗಳಲ್ಲಿ ರೂಪಾಯಿ 16 ಪೆನ್ಸ್‌ಗೆ ಏರಿ ನಿಂತಿತು. ಅಂದರೆ ಪೌಂಡಿಗೆ 15 ರೂಪಾಯಿ. ಮೊದಲ ಮಹಾಯುದ್ಧದವರೆಗೂ ಈ ದರವೇ ಉಳಿಯಿತು.

ಯುದ್ಧಕಾಲದಲ್ಲಿ ಬೆಳ್ಳಿ ವಿಪರೀತ ತುಟ್ಟಿಯಾಯಿತು. ಒಂದು ರೂಪಾಯಿಯ ಕಾಗದದ ನೋಟು 1917ರಲ್ಲಿ ಬಂದದ್ದು ಆ ಅಭಾವದಿಂದಲೇ. 1920ರಲ್ಲಿ ರೂಪಾಯಿಯನ್ನು ಎರಡು ಶಿಲಿಂಗಿಗೆ, ಅಂದರೆ 24 ಪೆನ್ಸ್‌ಗೆ, ನಿಲ್ಲಿಸಹೊರಟ ಸರ್ಕಾರ ಅದೇ ವರ್ಷ ಕೈಚೆಲ್ಲಿತು. ಮುಂದೆ 1925ರ ವೇಳೆಗೆ ದರ 18 ಪೆನ್ಸ್‌ನ ಸುತ್ತ ನೆಲೆಗೊಂಡಿತು. ಭಾರತದ ನಾಣ್ಯ ವ್ಯವಸ್ಥೆಯನ್ನು ಪರಿಶೀಲಿಸಲು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಹಿಲ್ಟನ್ ಯಂಗ್ ಆಯೋಗ 1926ರಲ್ಲಿ ಅದನ್ನೇ ಶಾಶ್ವತಗೊಳಿಸಲು ಶಿಫಾರಸು ಮಾಡಿತು. ಆಯೋಗದ ಸದಸ್ಯರಾಗಿದ್ದ ಮುಂಬಯಿಯ ಸರ್ ಪುರುಷೋತ್ತಮದಾಸ್ ಠಾಕೂರ್‌ದಾಸ್ ಒಪ್ಪಲಿಲ್ಲ. 16 ಪೆನ್ಸ್ ಬೇಕೆಂದು ಭಿನ್ನಮತದ ಟಿಪ್ಪಣಿ ಬರೆದರು.

ಹಾರ್ಬರ್ ಲೈನಿನಲ್ಲಿ ಓಡಾಡುವವರು ಕಾಟನ್ ಗ್ರೀನ್ ನಿಲ್ದಾಣವನ್ನು ಬಲ್ಲಿರಿ. ಧಾರವಾಡ, ವಿಜಾಪುರ, ಬೆಳಗಾವಿ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಆ ಕರಿಮಣ್ಣಿನ ಹೊಲಗಳ ಹತ್ತಿಗೂ ಈ ನಗರದ ಪೇಟೆಗೂ ನೇರ ಸಂಬಂಧವಿತ್ತು. ಪರದೇಶಕ್ಕೆ ಮಾರಿದ ಹತ್ತಿಗೆ ಬರುವ ಪ್ರತಿಯೊಂದು ಪೌಂಡಿಗೆ 16 ಪೆನ್ಸ್ ದರದಲ್ಲಿ 15 ರೂಪಾಯಿ ಸಿಗುತ್ತಿತ್ತು. 18 ಪೆನ್ಸ್ ದರದಲ್ಲಿ ಸಿಗುವುದು 13 ರೂಪಾಯಿ 5 ಆಣೆ 4 ಪೈ. ಆ ನಷ್ಟ ಕೊನೆಗೆ ಬೆಳೆದವನ ಮೇಲೆಯೇ ಬೀಳುತ್ತದೆ ಎಂಬುದು ವಿರೋಧಿಗಳ ವಾದವಾಗಿತ್ತು. ಜೊತೆಗೆ ಇಂಗ್ಲೆಂಡಿನ ಲ್ಯಾಂಕಷೈರಿನ ಬಟ್ಟೆ ಇಲ್ಲಿ ಅಗ್ಗವಾಗಿ, ಪರೇಲ್‌, ಲಾಲ್‌ಬಾಗಿನ ಗಿರಣಿಗಳಿಗೆ ಪೆಟ್ಟು ಬೀಳುತ್ತಿತ್ತು. ಬೆಲೆಗಳೂ ಕೂಲಿಯೂ ಈಗಾಗಲೇ 18 ಪೆನ್ಸ್‌ಗೆ ಹೊಂದಿಕೊಂಡಿವೆ ಎಂದು ಸರ್ಕಾರದ ಕಡೆಯವರು ಹೇಳುತ್ತಿದ್ದರು.

ಈ ಗದ್ದಲದಲ್ಲಿ ಬೇರೆಯದೇ ಪ್ರಶ್ನೆಯನ್ನು ಎತ್ತಿದವರು ಡಾ. ಬಿ. ಆರ್. ಅಂಬೇಡ್ಕರ್. ರೂಪಾಯಿಯ ಸಮಸ್ಯೆಯನ್ನೇ ಅಧ್ಯಯನ ಮಾಡಿ ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದು ಮರಳಿದ್ದ ಅವರು ಆಯೋಗದ ಮುಂದೆ ಸಾಕ್ಷ್ಯ ನುಡಿದರು. ರೂಪಾಯಿ ಇಳಿದಾಗ ಸಾಮಾನಿನ ಬೆಲೆ ಬೇಗ ಏರುತ್ತದೆ, ಕೂಲಿ ಹಿಂದೆ ಉಳಿಯುತ್ತದೆ. ಆದ್ದರಿಂದ ರಫ್ತುದಾರನಿಗೆ ಸಿಗುವ ಲಾಭ ದೇಶದ ಲಾಭವಲ್ಲ, ಕೂಲಿಕಾರನ ಪಾಲಿನಿಂದ ಬಂದದ್ದು ಎಂಬುದು ಅವರ ತರ್ಕ. ಇಡೀ ವಿವಾದದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಮಾತು ಇದು. ಎರಡೂ ಪಕ್ಷಗಳು ದೇಶದ ಹಿತದ ಹೆಸರಿನಲ್ಲಿ ಮಾತಾಡುತ್ತಿದ್ದಾಗ, ದೇಶದೊಳಗೆ ಯಾರಿಗೆ ಬಂತು, ಯಾರಿಂದ ಹೋಯಿತು ಎಂದು ಅವರು ಕೇಳಿದರು.

1927ರಲ್ಲಿ ಕೇಂದ್ರ ಶಾಸನಸಭೆ ಅತ್ಯಲ್ಪ ಬಹುಮತದಿಂದ 18 ಪೆನ್ಸ್ ದರವನ್ನು ಅಂಗೀಕರಿಸಿತು. ಅದರ ಬೆನ್ನಲ್ಲೇ ಜಗತ್ತಿನ ಮಹಾಕುಸಿತ ಬಂತು, ಹತ್ತಿಯ ಬೆಲೆ ನೆಲಕಚ್ಚಿತು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ನಂಟನ್ನು ಕಡಿದುಕೊಂಡಾಗಲೂ ರೂಪಾಯಿಯನ್ನು ಪೌಂಡಿಗೇ ಬಿಗಿದು ಇಡಲಾಯಿತು. ಅಲ್ಲಿಯವರೆಗೆ ತೊಲೆಗೆ 21 ರೂಪಾಯಿಯ ಆಸುಪಾಸಿನಲ್ಲಿದ್ದ ಚಿನ್ನ ತುಟ್ಟಿಯಾಯಿತು. ಕಂದಾಯಕ್ಕೂ ಸಾಲಕ್ಕೂ ದಾರಿ ಕಾಣದ ರೈತಕುಟುಂಬಗಳು ಮನೆಯ ಒಡವೆಗಳನ್ನು ಮಾರಿದವು. ಆ ಚಿನ್ನ ಗಟ್ಟಿಗಳಾಗಿ ಮುಂಬಯಿ ಬಂದರಿನಿಂದ ಹಡಗೇರಿ ಹೋಯಿತು. ಲಂಡನ್ನಿನ ಬಾಕಿ ಸಕಾಲದಲ್ಲಿ ಸಂದಾಯವಾದದ್ದರ ಹಿಂದೆ ಈ ಒಡವೆಗಳಿದ್ದವು ಎಂಬುದನ್ನು ಮರೆಯುವಂತಿಲ್ಲ.

1935ರಲ್ಲಿ ಆರಂಭವಾದ ರಿಸರ್ವ್ ಬ್ಯಾಂಕಿಗೂ ಅದರ ಕಾಯಿದೆ ಇದೇ ದರವನ್ನು ಕಾಯುವ ಹೊಣೆ ಹೊರಿಸಿತು. ಸ್ವಾತಂತ್ರ್ಯ ಬಂದರೂ ದರ ಬದಲಾಗಲಿಲ್ಲ. 1949ರಲ್ಲಿ ಪೌಂಡು ಡಾಲರಿನೆದುರು ಅಪಮೌಲ್ಯಗೊಂಡಾಗ ರೂಪಾಯಿಯೂ ಅಷ್ಟೇ ಇಳಿಯಿತು. ಪಾಕಿಸ್ತಾನ ಇಳಿಸಲಿಲ್ಲವಾದ್ದರಿಂದ ಎರಡು ನೆರೆದೇಶಗಳ ವ್ಯಾಪಾರ ಕೆಲಕಾಲ ಹೆಚ್ಚುಕಡಿಮೆ ನಿಂತೇಹೋಯಿತು. 1966ರ ಜೂನ್ 6ರಂದು ರೂಪಾಯಿಯನ್ನು ಅಪಮೌಲ್ಯಗೊಳಿಸಿದಾಗ ಪೌಂಡು 21 ರೂಪಾಯಿಯಾಯಿತು. ಮರುವರ್ಷ ಬ್ರಿಟನ್ ತನ್ನ ಪೌಂಡನ್ನು ಮತ್ತೆ ಇಳಿಸಿತು. ಈ ಬಾರಿ ಭಾರತ ಹಿಂಬಾಲಿಸಲಿಲ್ಲ, ಪೌಂಡಿನ ಬೆಲೆ 18 ರೂಪಾಯಿಗೆ ಇಳಿಯಿತು. 1975ರ ಸೆಪ್ಟೆಂಬರಿನಲ್ಲಿ ರೂಪಾಯಿಯನ್ನು ಪೌಂಡೊಂದಕ್ಕೇ ಜೋಡಿಸುವುದನ್ನು ಬಿಟ್ಟು, ಹಲವು ದೇಶಗಳ ಕರೆನ್ಸಿಗಳ ಗುಚ್ಛದೊಡನೆ ಹೊಂದಿಸಲಾಯಿತು. 1993ರ ಮಾರ್ಚ್‌ನಿಂದ ಮಾರುಕಟ್ಟೆಯ ಕೊಳ್ಳುವಿಕೆ ಮಾರಾಟಗಳೇ ದರವನ್ನು ನಿರ್ಧರಿಸುತ್ತಿವೆ; ಅಗತ್ಯ ಕಂಡಾಗ ರಿಸರ್ವ್ ಬ್ಯಾಂಕು ಡಾಲರ್ ಕೊಂಡೋ ಮಾರಿಯೋ ನಡುವೆ ಪ್ರವೇಶಿಸುತ್ತದೆ. ನಮಸ್ಕಾರ.