‘ಜೋರು’ ಅಂದ್ರೆ ಎಷ್ಟು, ಹೇಳಿ ನೋಡೋಣ

ನಮಸ್ಕಾರ. ಇವತ್ತು ಸ್ವಲ್ಪ ಸಿಟ್ಟಲ್ಲಿದ್ದೇನೆ. ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ.

ಹೋದ ವಾರ ಒಂದು ಮಾತು ಹೇಳಿದ್ದೆ. ಮಗು ಬೇಗ ಬೇಗ ಉಸಿರಾಡುತ್ತಿದೆ ಅನ್ನಿಸಿದರೆ, ಡಾಕ್ಟರಿಗೆ ವಿಡಿಯೋ ಕಾಲ್ ಮಾಡುವ ಮೊದಲು ಉಸಿರು ಎಣಿಸಿಟ್ಟುಕೊಳ್ಳಿ. ಪೂರ್ತಿ ಒಂದು ನಿಮಿಷ. ಅಷ್ಟೇ ಹೇಳಿದ್ದು. ಅದಕ್ಕೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: ‘ಎಣಿಸೋದು ಡಾಕ್ಟರ್ ಕೆಲಸ. ಫೀಸ್ ಮತ್ಯಾಕೆ ಕೊಡೋದು? ನೀವೇನು ಡಾಕ್ಟರಾ?’ ಆ ಕಾಮೆಂಟಿಗೆ 41 ಲೈಕು. ನನ್ನ ವಿಡಿಯೋಗೇ ಅಷ್ಟು ಬಂದಿರಲಿಲ್ಲ!

ಡಾಕ್ಟರ್ ಅಲ್ಲ ಸ್ವಾಮಿ, ಬಿ.ಕಾಂ. ಆದರೆ ಎಣಿಸೋಕೆ ಬರುತ್ತದೆ.

ಈ ವಿಷಯ ತಲೆಗೆ ಹತ್ತಿದ್ದು ನಮ್ಮ ನಾದಿನಿ ಮನೆಯಲ್ಲಿ. ಮಗುವಿಗೆ 14 ತಿಂಗಳು. ಎರಡು ದಿನದಿಂದ ಕೆಮ್ಮು, ನೆಗಡಿ, ಜ್ವರ. ರಾತ್ರಿ ಒಂಬತ್ತೂವರೆಗೆ ಫೋನು: ‘ಭಾವ, ಪಾಪು ಜೋರಾಗಿ ಉಸಿರಾಡ್ತಿದೆ.’ ನಾನು ಹೋಗುವಷ್ಟರಲ್ಲಿ ಆನ್‌ಲೈನ್ ಡಾಕ್ಟರ್ ಲೈನಿನಲ್ಲಿದ್ದರು. ಅವರು ಕೇಳಿದ ಮೊದಲ ಪ್ರಶ್ನೆ: ‘ಜೋರು ಅಂದ್ರೆ ಹೇಗಮ್ಮ? ಸದ್ದು ಜಾಸ್ತಿನಾ, ವೇಗ ಜಾಸ್ತಿನಾ?’

ಮನೆಯಲ್ಲಿ ಐದು ಜನ ದೊಡ್ಡವರು. ಎಲ್ಲರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಅಜ್ಜಿ ಹೇಳಿದರು, ‘ಜೋರು ಅಂದ್ರೆ ಜೋರು ಕಣಮ್ಮಾ.’

ಅಜ್ಜಿದೇನೂ ತಪ್ಪಿಲ್ಲ. ಆ ಪದವೇ ಹಾಗೆ. ಮಳೆಯೂ ಜೋರು, ಮಾತೂ ಜೋರು, ಬಸ್ಸೂ ಜೋರು, ಪಕ್ಕದ ಮನೆ ಸೊಸೆಯೂ ಜೋರು. ಒಂದೇ ಪದದಲ್ಲಿ ಊರೆಲ್ಲ ಸಂಸಾರ ನಡೆಸುತ್ತೇವೆ. ಡಾಕ್ಟರಿಗೆ ಅದರಿಂದ ಏನು ಗೊತ್ತಾಗಬೇಕು? ಅವರಿಗೆ ಬೇಕಾದ್ದು ಒಂದು ಸಂಖ್ಯೆ.

‘ಫೋನಲ್ಲಿ ಅವರೇ ನೋಡಿಕೊಳ್ಳಲಿ’ ಅಂತೀರಾ? ನೋಡಿದರಲ್ಲ. ಬೆಳಕು ಮಂದ. ಕೈ ನಡುಗುತ್ತಿತ್ತು. ಮಗುವಿನ ಮೇಲೆ ಸ್ವೆಟರ್, ಅದರ ಮೇಲೆ ಶಾಲು. ಅಷ್ಟರಲ್ಲಿ ನೆಟ್‌ವರ್ಕ್ ಕೈಕೊಟ್ಟು ಚಿತ್ರ ನಿಂತುಹೋಯಿತು. ಪರದೆಯಲ್ಲಿ ಮಗು ಉಸಿರೇ ಆಡುತ್ತಿಲ್ಲ! ಡಾಕ್ಟರ್ ಆ ಕಡೆಯಿಂದ ‘ಹಲೋ, ಹಲೋ’. ಫೋನು ಮುಖಕ್ಕೆ ಹಿಡಿದಿದ್ದಕ್ಕೆ ಮಗು ಬೇರೆ ಕಿರುಚಲು ಶುರು ಮಾಡಿತು. ಅಳುವ ಮಗುವಿನ ಉಸಿರು ಎಣಿಸಿ ಏನು ಪ್ರಯೋಜನ? ಅತ್ತರೆ ನನ್ನದೂ ಏರುತ್ತದೆ, ನಿಮ್ಮದೂ ಏರುತ್ತದೆ.

ಕೊನೆಗೆ ಆ ತಾಯಿ, ಡಾಕ್ಟರಮ್ಮ, ಫೋನು ಕೆಳಗಿಡಿಸಿದರು. ಮಗುವನ್ನು ಅಜ್ಜಿ ಮಡಿಲಿಗೆ ಹಾಕಿ, ಸುಮ್ಮನಾಗಿಸಿ, ಅಂಗಿ ಮೇಲೆತ್ತಿ ಎಣಿಸಿ ಅಂದರು. ಎಣಿಸಿದೆವು. 46. ಅವರ ದನಿಯೇ ಬದಲಾಯಿತು. ‘ಬೆಳಗಿನ ತನಕ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.’ ಆ ಒಂದು ಸಂಖ್ಯೆ ಬಾಯಿಗೆ ಬರುವಷ್ಟರಲ್ಲಿ ಹನ್ನೊಂದು ನಿಮಿಷ ಹೋಗಿತ್ತು. ನ್ಯುಮೋನಿಯಾ, ಅಂದ್ರೆ ಶ್ವಾಸಕೋಶದ ಸೋಂಕು. ಈಗ ಹುಷಾರಾಗಿದ್ದಾನೆ, ಮೊನ್ನೆ ನನ್ನ ಮೈಕಿನ ಸ್ಪಂಜು ಕಿತ್ತು ಬಾಯಿಗೆ ಹಾಕಿಕೊಂಡ. ದನಿ ಸರಿಯಿಲ್ಲ ಅಂತ ಬೈಯುವವರು ಅವನನ್ನು ಬೈಯಿರಿ.

46 ಅಂದ ಕೂಡಲೇ ದನಿ ಬದಲಾಗಿದ್ದು ಯಾಕೆ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇದೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, 2ರಿಂದ 12 ತಿಂಗಳವರೆಗೆ 50 ಅಥವಾ ಜಾಸ್ತಿ, 1ರಿಂದ 5 ವರ್ಷದವರೆಗೆ 40 ಅಥವಾ ಜಾಸ್ತಿ ಇದ್ದರೆ ವೇಗದ ಉಸಿರು. ಕೆಮ್ಮಿನ ಜೊತೆ ಅದೂ ಇದ್ದರೆ ನ್ಯುಮೋನಿಯಾ ಇರಬಹುದು. ಇದನ್ನು ಯಾರೋ ವಾಟ್ಸಾಪಿನಲ್ಲಿ ಹುಟ್ಟಿಸಿದ್ದಲ್ಲ. ಪಪುವಾ ನ್ಯೂಗಿನಿಯ ಗುಡ್ಡಗಾಡಿನಲ್ಲಿ ಗೊರೋಕಾ ಅಂತ ಒಂದು ಊರು. ಅಲ್ಲಿನ ಆಸ್ಪತ್ರೆಯಲ್ಲಿ ಫ್ರಾಂಕ್ ಶಾನ್ ಎಂಬ ಮಕ್ಕಳ ಡಾಕ್ಟರ್ ಮತ್ತು ಜೊತೆಯವರು ಕೆಮ್ಮು ಇರುವ ಮಕ್ಕಳ ಉಸಿರು ಎಣಿಸುತ್ತಾ ಕೂತರು. ಯಾವ ಮಗುವಿಗೆ ಔಷಧ ಬೇಕು, ಯಾವುದಕ್ಕೆ ಬೇಡ ಅಂತ ಎಕ್ಸ್‌ರೇ ಇಲ್ಲದ ಹಳ್ಳಿಯಲ್ಲೂ ಹೇಳಬೇಕಿತ್ತು. 1984ರಲ್ಲಿ ಅದನ್ನು ಪ್ರಕಟಿಸಿದರು. ಅವರ ಕೆಲಸದ ಜಾಡಿನಲ್ಲೇ ಲೋಕವೆಲ್ಲ ಎಣಿಸಲು ಕಲಿತಿದ್ದು. ಯುನಿಸೆಫ್‌ನವರು ಇದಕ್ಕಂತಲೇ ಪುಟ್ಟ ಟೈಮರ್ ಮಾಡಿಸಿ ಆರೋಗ್ಯ ಕಾರ್ಯಕರ್ತರಿಗೆ ಕೊಟ್ಟರು, ನಿಮಿಷ ಮುಗಿದರೆ ಬೀಪ್ ಅನ್ನುತ್ತದೆ. ನಿಮ್ಮ ಜೇಬಿನಲ್ಲಿ ಇಪ್ಪತ್ತೈದು ಸಾವಿರದ ಟೈಮರ್ ಇದೆ. ಅದರಲ್ಲಿ ರೀಲ್ಸ್ ನೋಡುತ್ತೀರಿ. ನನ್ನ ರೀಲ್ಸ್ ಆದರೆ ಪರವಾಗಿಲ್ಲ.

ಇಲ್ಲೊಬ್ಬ ಬುದ್ಧಿವಂತರು ಕೇಳಿದ್ದಾರೆ, ‘15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಲದಾ?’ ಸಾಲದು. ಮಕ್ಕಳ ಉಸಿರು ಗಡಿಯಾರದ ಥರ ಅಲ್ಲ. ಸ್ವಲ್ಪ ಹೊತ್ತು ಓಡುತ್ತದೆ, ಸ್ವಲ್ಪ ಹೊತ್ತು ನಿಧಾನ. 15 ಸೆಕೆಂಡಿನಲ್ಲಿ ಒಂಬತ್ತು ಎಣಿಸಿದರೆ 36, ಹತ್ತು ಎಣಿಸಿದರೆ 40. ಒಂದೇ ಒಂದು ಉಸಿರು ತಪ್ಪಿದರೆ ಗೆರೆಯ ಆ ಕಡೆ ಇದ್ದ ಮಗು ಈ ಕಡೆ ಬರುತ್ತದೆ. ಪೂರ್ತಿ ನಿಮಿಷ. ಹಸುಗೂಸಿಗೆ 60 ದಾಟಿತು ಅನ್ನಿಸಿದರೆ ಇನ್ನೊಮ್ಮೆ ಎಣಿಸಿ. ಆಗಲೂ ಅಷ್ಟೇ ಬಂದರೆ ವಿಡಿಯೋ ಗಿಡಿಯೋ ಬೇಡ, ನೇರ ಆಸ್ಪತ್ರೆ.

ಎಣಿಸುವುದು ಹೇಗೆ? ಮಲಗಿದಾಗ ಅಥವಾ ಮಡಿಲಲ್ಲಿ ಸುಮ್ಮನಿದ್ದಾಗ. ಹಾಲು ಕುಡಿಯುವಾಗ ಬೇಡ. ಹೊಟ್ಟೆ ಏರಿ ಇಳಿದರೆ ಒಂದು. ಏರಿದ್ದಕ್ಕೊಂದು, ಇಳಿದಿದ್ದಕ್ಕೊಂದು ಎಣಿಸಿ 92 ಅಂತ ಡಾಕ್ಟರಿಗೆ ಎದೆಯೊಡೆಸಬೇಡಿ. ಕಣ್ಣಿಗೆ ಕಾಣಲ್ವಾ? ನಮ್ಮ ಅಜ್ಜಿ ಒಂದು ಕೆಲಸ ಮಾಡಿದರು. ಬೆರಳಲ್ಲಿ ಕಾಡಿಗೆ ತೆಗೆದು, ಕೆನ್ನೆಗೆ ಇಡುವ ದೃಷ್ಟಿಬೊಟ್ಟನ್ನು ಹೊಕ್ಕುಳ ಮೇಲಕ್ಕೆ ಇಟ್ಟರು. ಆ ಕರಿಚುಕ್ಕೆ ಮೇಲೆ, ಕೆಳಗೆ, ಮೇಲೆ, ಕೆಳಗೆ. ಐದೂ ಜನ ಬಾಯಿ ಮುಚ್ಚಿಕೊಂಡು ಒಂದು ಚುಕ್ಕೆ ನೋಡುತ್ತಾ ಕೂತಿದ್ದೆವು. ಮದುವೆಯಾಗಿ ಒಂಬತ್ತು ವರ್ಷ, ಆ ಮನೆ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕಂಡಿರಲಿಲ್ಲ.

ಪಕ್ಕದಲ್ಲೇ ಒಂದು ಚೀಟಿ. ಉಸಿರಿನ ಸಂಖ್ಯೆ, ಎಣಿಸಿದ ಹೊತ್ತು, ಜ್ವರ ಎಷ್ಟು. ಜ್ವರ ಇದ್ದಾಗ ಉಸಿರೂ ಏರುತ್ತದೆ, ಅದಕ್ಕೇ ಎರಡನ್ನೂ ಬರೆಯಬೇಕು. ಮಗುವಿನ ತೂಕ, ಕೊಟ್ಟ ಸಿರಪ್ಪಿನ ಬಾಟಲಿ. ಇವೆಲ್ಲ ಇದ್ದರೆ ಒಳ್ಳೆಯದು. ಆದರೆ ಮೊದಲು ಎಣಿಕೆ. ಸರ್ಕಾರದ ಆನ್‌ಲೈನ್ ಡಾಕ್ಟರ್ ಸೇವೆ ಇ-ಸಂಜೀವನಿಯಲ್ಲಿ ಮನೆಯಿಂದಲೇ ಪುಕ್ಕಟೆ ತೋರಿಸಬಹುದು, 2020ರ ಏಪ್ರಿಲ್‌ನಿಂದ ಇದೆ. ಪುಕ್ಕಟೆ ಅಂತ ಎಣಿಸದೇ ಹೋಗಬಹುದು ಅಂತಲ್ಲ!

ಒಂದು ಕಡೆ ಮಾತ್ರ ನಾನೇ ಎಣಿಸಬೇಡಿ ಅನ್ನುತ್ತೇನೆ. ತುಟಿ ನೀಲಿಯಾಗಿದ್ದರೆ, ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಪ್ರತಿ ಉಸಿರಿಗೂ ನರಳುತ್ತಿದ್ದರೆ, ಹಾಲು ನೀರು ಕುಡಿಯಲು ಆಗದಿದ್ದರೆ, ಕುಡಿದಿದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, 108ಕ್ಕೆ ಫೋನು ಮಾಡಿ, ಹೊರಡಿ. ಸಂಖ್ಯೆ ಕಡಿಮೆ ಇದೆ ಅಂತ ಅಲ್ಲಿ ಕೂರಬೇಡಿ. ಇದನ್ನು ತಮಾಷೆ ಮಾಡುತ್ತಿಲ್ಲ.

ಸರಿ, ಮತ್ತೆ ಸಿಟ್ಟಿಗೆ ಬರೋಣ.

‘ನಮ್ಮ ಹತ್ರ ಆಕ್ಸಿಮೀಟರ್ ಇದೆ.’ ಇರಲಿ. ದೊಡ್ಡವರ ಕ್ಲಿಪ್ಪನ್ನು ಕಡ್ಡಿಯಷ್ಟು ಬೆರಳಿಗೆ ಹಾಕಿದರೆ ಅದು ಬಾಯಿಗೆ ಬಂದಿದ್ದು ಹೇಳುತ್ತದೆ. ಎಣಿಸಿ. ‘ಗಾಬರಿಯಲ್ಲಿ ಯಾರು ಎಣಿಸ್ತಾರೆ?’ ಗಾಬರಿಯಲ್ಲಿ ಆರು ಜನ ನೆಂಟರಿಗೆ ಫೋನು ಮಾಡೋಕೆ ಆಗುತ್ತೆ, ಎಣಿಸೋಕೆ ಆಗಲ್ವಾ? ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ.’ ನಿಮ್ಮ ಕಾಲದಲ್ಲಿ ವಿಡಿಯೋ ಕಾಲೂ ಇರಲಿಲ್ಲ ಅಂಕಲ್. ಎಣಿಸಿ!

ನಾವು ಎಣಿಸದ ಜನ ಅಂತೇನಾದರೂ ಇದ್ದರೆ ಬಿಡಿ ಅನ್ನಬಹುದಿತ್ತು. ಮದುವೆ ಮನೆ ಮುಯ್ಯಿ ಎಣಿಸುತ್ತೇವೆ. ಹೋಳಿಗೆ ಎಣಿಸುತ್ತೇವೆ. ನವಗ್ರಹಕ್ಕೆ ಒಂಬತ್ತು ಸುತ್ತು, ಒಂದು ತಪ್ಪಿದರೆ ಮತ್ತೆ ಮೊದಲಿಂದ. ಚಿಲ್ಲರೆಯಲ್ಲಿ ಎರಡು ರೂಪಾಯಿ ಕಮ್ಮಿಯಾದರೆ ಬಸ್ ಇಳಿಯುವ ತನಕ ಕಂಡಕ್ಟರ್ ಬೆನ್ನು ಬಿಡಲ್ಲ. ಮಗುವಿನ ಉಸಿರು ಅಂದಾಗ ಮಾತ್ರ ‘ಜೋರು’!

ಅಂದಹಾಗೆ, ಈ ಮೂರು ಸಂಖ್ಯೆ ಇರುವ ಫ್ರಿಜ್ ಮ್ಯಾಗ್ನೆಟ್ ಮಾಡಿಸಿದ್ದೇನೆ. 99 ರೂಪಾಯಿ, ಕೊರಿಯರ್ ಸೇರಿ. ಸುಲಿಗೆ ಅಂತೀರಾ? ಪೆನ್ನಲ್ಲಿ ಬಾಗಿಲ ಮೇಲೆ ಬರೆದುಕೊಳ್ಳಿ, ನನಗೇನು. ಸಬ್‌ಸ್ಕ್ರೈಬ್ ಆದರೂ ಮಾಡಿ. ಆ 41 ಜನ ಕೂಡ ಮಾಡಿ, ಆಮೇಲೆ ಬೈಯಿರಿ. ಯಾಕೆ ಎಣಿಸಬೇಕು ಅಂತ ಇನ್ನೂ ನಾಲ್ಕು ಕಾರಣ ಬರೆದಿಟ್ಟುಕೊಂಡಿದ್ದೆ, ಹಾಳೆ ಎಲ್ಲೋ ಹೋಯಿತು. ಕಾರಣ ಯಾಕೆ ಬೇಕು? ಎಣಿಸ್ರಪ್ಪಾ, ಸುಮ್ನೆ ಎಣಿಸಿ!

ತಡೀರಿ, ಅಡುಗೆಮನೆಯಿಂದ ನಮ್ಮವಳು ಕೂಗುತ್ತಿದ್ದಾಳೆ. ‘ರೀ, ಕುಕ್ಕರ್ ಎಷ್ಟು ಸೀಟಿ ಆಯ್ತು? ನೋಡ್ಕೊಳ್ಳಿ ಅಂದಿದ್ದೆ ತಾನೇ?’

...ಜೋರಾಗೇ ಕೂಗ್ತು ಕಣೇ!